ಮೊದಲ ಬಸ್ಸು ಎಷ್ಟು ಗಂಟೆಗೆ?

ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಬೆಂಗಳೂರಲ್ಲಿ ಜಾತಿ ಬಗ್ಗೆ ಬಾಯಿ ತೆಗೆದರೆ ಸಾಕು, ಒಂದು ಉತ್ತರ ತಯಾರಾಗಿ ಬಂದುಬಿಡುತ್ತೆ. "ಈಗೆಲ್ಲಿದೆ ಸಾರ್ ಜಾತಿ? ಬಸ್ಸಲ್ಲಿ ಪಕ್ಕದಲ್ಲಿ ಕೂತವನ ಜಾತಿ ಯಾರಾದ್ರೂ ಕೇಳ್ತಾರಾ?" ಇದನ್ನ ಕಚೇರಿಯಲ್ಲಿ ಕೇಳಿದ್ದೀನಿ, ಟೀವಿ ಚರ್ಚೆಯಲ್ಲಿ ಕೇಳಿದ್ದೀನಿ, ನಮ್ಮದೇ ಹುಡುಗರ ಬಾಯಲ್ಲೂ ಕೇಳಿದ್ದೀನಿ. ಹೆಚ್ಚಾಗಿ ಈ ಮಾತು ಆಡೋರು ಕಾರಲ್ಲಿ ಓಡಾಡೋರು ಅನ್ನೋದು ಬೇರೆ ವಿಷಯ. ನಾನು ಗುಮಾಸ್ತ. ಇಪ್ಪತ್ತು ವರ್ಷದ ಮೇಲಾಯ್ತು, ದಿನಕ್ಕೆ ನಾಲ್ಕು ಬಸ್ಸು, ಹೋಗ್ತಾ ಎರಡು, ಬರ್ತಾ ಎರಡು. ಹಂಗಾಗಿ ಈ ವಿಷಯದಲ್ಲಿ ಮಾತಾಡೋ ಹಕ್ಕು ನನಗೂ ಸ್ವಲ್ಪ ಇದೆ.

ಆ ಮಾತಲ್ಲಿ ಅರ್ಧ ನಿಜ ಇದೆ. ಮೊದಲು ಆ ಅರ್ಧಕ್ಕೆ ಬೆಲೆ ಕೊಡೋಣ, ಯಾಕಂದ್ರೆ ಅದು ಪುಕ್ಕಟೆ ಸಿಕ್ಕಿದ್ದಲ್ಲ.

1901ರಲ್ಲಿ ಬಾಬಾಸಾಹೇಬರು ಒಂಬತ್ತು ವರ್ಷದ ಹುಡುಗ. ಗೋರೆಗಾಂವ್‌ನಲ್ಲಿ ಕೆಲಸಕ್ಕಿದ್ದ ಅಪ್ಪನನ್ನ ನೋಡೋಕೆ ಅಣ್ಣನ ಜೊತೆ ರೈಲು ಹತ್ತಿ ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಹಾಕಿದ್ದ ಒಳ್ಳೆ ಬಟ್ಟೆ ನೋಡಿ ಸ್ಟೇಷನ್ ಮಾಸ್ತರ್ ಮೇಲ್ಜಾತಿ ಮಕ್ಕಳು ಅಂದ್ಕೊಂಡ. ಮಹಾರರು ಅಂತ ಗೊತ್ತಾದ ಮೇಲೆ ಒಬ್ಬನೇ ಒಬ್ಬ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಪ್ಪಂದ ಏನಾಯ್ತು ಅಂದ್ರೆ, ಎರಡು ಪಟ್ಟು ಬಾಡಿಗೆ ಕೊಡಬೇಕು, ಗಾಡಿನ ಮಕ್ಕಳೇ ಹೊಡ್ಕೊಂಡು ಹೋಗಬೇಕು, ಗಾಡಿಯವನು ಪಕ್ಕದಲ್ಲಿ ನಡ್ಕೊಂಡು ಬರ್ತಾನೆ. ಇಪ್ಪತ್ತೆಂಟು ವರ್ಷ ಆದಮೇಲೆ, 1929ರಲ್ಲಿ, ಅದೇ ಹುಡುಗ ಬ್ಯಾರಿಸ್ಟರ್ ಆಗಿ, ವಿದೇಶದಲ್ಲಿ ಡಾಕ್ಟರೇಟ್ ತಗೊಂಡು, ಸರ್ಕಾರ ನೇಮಿಸಿದ ಸಮಿತಿಯ ಸದಸ್ಯರಾಗಿ ಚಾಳೀಸ್‌ಗಾಂವ್‌ಗೆ ಬಂದಾಗ ಟಾಂಗಾದವರು ಇವರನ್ನ ಕೂರಿಸಿಕೊಂಡು ಓಡಿಸೋಕೆ ಒಪ್ಪಲಿಲ್ಲ. ನಮ್ಮವರೇ ಒಬ್ಬರು ಟಾಂಗಾ ಬಾಡಿಗೆಗೆ ತಗೊಂಡು ಓಡಿಸಿದರು. ಪಾಪ, ಅವರಿಗೆ ಅದು ಬರ್ತಿರಲಿಲ್ಲ. ಸೇತುವೆ ಹತ್ರ ಟಾಂಗಾ ಉರುಳಿ ಬಾಬಾಸಾಹೇಬರ ಕಾಲು ಮುರೀತು. ಓದು, ಪದವಿ, ಹುದ್ದೆ ಎಲ್ಲಾ ಇದ್ದೂ ಒಂದು ಚಕ್ರದ ಮೇಲೆ ಕೂರೋ ಹಕ್ಕು ಇರಲಿಲ್ಲ. ಅದಕ್ಕೂ ಮೊದಲು, 1893ರಲ್ಲಿ, ತಿರುವಾಂಕೂರಿನಲ್ಲಿ ಅಯ್ಯನ್‌ಕಾಳಿಯವರು ಎತ್ತಿನಗಾಡಿ ಹತ್ತಿ ಸಾರ್ವಜನಿಕ ರಸ್ತೆಯಲ್ಲಿ ಹೋಗಿದ್ದೇ ಒಂದು ದಂಗೆ ಅನ್ನಿಸಿಕೊಳ್ತು.

ನಮ್ಮಪ್ಪ ಹೇಳೋರು, ಊರಿಗೆ ಬಸ್ಸು ಬಂದ ಹೊಸದರಲ್ಲಿ ಕೇರಿಯವರು ಟಿಕೆಟ್ ತಗೊಂಡೂ ನಿಂತ್ಕೊಂಡೇ ಹೋಗ್ತಿದ್ರಂತೆ. ಸೀಟು ಖಾಲಿ ಇದ್ದರೂ ಅಷ್ಟೇ. ಊರೊಳಗಿನ ಯಾರಾದರೂ ಹತ್ತಿದರೆ ಕೂತಿದ್ದವನು ತಾನಾಗೇ ಎದ್ದುಬಿಡೋದು. ಯಾರೂ ಎಬ್ಬಿಸ್ತಿರಲಿಲ್ಲ. ಕಾಲೇ ಎಬ್ಬಿಸ್ತಿತ್ತು.

ಅದಕ್ಕೇ 1955ರ ಅಸ್ಪೃಶ್ಯತಾ ಕಾಯ್ದೆಯಲ್ಲಿ, ಈಗ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತೀವಲ್ಲ ಅದರ 4ನೇ ಕಲಮಿನಲ್ಲಿ, ಬಾವಿ, ಹೋಟೆಲು, ಸ್ಮಶಾನದ ಜೊತೆಗೆ ಸಾರ್ವಜನಿಕ ವಾಹನ ಅಂತಲೂ ಬರೆಯಬೇಕಾಯ್ತು. 2015ರಲ್ಲಿ ದೌರ್ಜನ್ಯ ತಡೆ ಕಾಯ್ದೆಗೆ ತಿದ್ದುಪಡಿ ತರುವಾಗ ಸೈಕಲ್ಲು, ಮೋಟರ್‌ಸೈಕಲ್ಲು ಹತ್ತೋದನ್ನ, ಮದುವೆ ಮೆರವಣಿಗೆಯಲ್ಲಿ ಕುದುರೆ ಹತ್ತೋದನ್ನ ತಡೆಯೋದು ಅಪರಾಧ ಅಂತ ಸೇರಿಸಬೇಕಾಯ್ತು. 2015ರಲ್ಲಿ ಸ್ವಾಮಿ, 1815ರಲ್ಲಲ್ಲ.

ಹಂಗಾಗಿ ಸಿಟಿ ಬಸ್ಸಲ್ಲಿ ಕಂಡಕ್ಟರ್ "ಎಲ್ಲಿಗೆ?" ಅಂತ ಮಾತ್ರ ಕೇಳಿ ಟಿಕೆಟ್ ಕೊಡ್ತಾನಲ್ಲ, ಅದು ಸಣ್ಣ ವಿಷಯ ಅಲ್ಲ. ಸಂಜೆ ಆರು ಗಂಟೆ ಬಸ್ಸಲ್ಲಿ, ಕಾರ್ಪೊರೇಷನ್ ಸರ್ಕಲ್ಲಿಂದ ಆಚೆ, ಒಬ್ಬರ ಬೆವರು ಇನ್ನೊಬ್ಬರಿಗೆ ಮೆತ್ಕೊಂಡೇ ಹೋಗಬೇಕು. ಮಡಿ ಮಾಡೋಕೆ ಜಾಗವೇ ಇರಲ್ಲ. ಈ ದೇಶದಲ್ಲಿ ಮಡಿಯನ್ನ ಮುರಿದಿರೋದು ಭಾಷಣಕ್ಕಿಂತ ಹೆಚ್ಚಾಗಿ ರಶ್ಶು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಚಿಲ್ಲರೆ ವಿಷಯ ನೋಡಿ. ಕೈ ತಾಗದ ಹಾಗೆ ಮೇಲಿಂದ ಕಾಸು ಉದುರಿಸೋ ಶೆಟ್ಟರಂಗಡಿ ನೋಡಿ ಬೆಳೆದವನು ನಾನು. ಬಸ್ಸಲ್ಲಿ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದುಕೊಟ್ಟು, ಇಳಿಯೋವಾಗ ಕೈಗೆ ಒತ್ತಿ ಕೊಡ್ತಿದ್ರು. ಈಗ ಫೋನ್ ತೋರಿಸಿ ಸ್ಕ್ಯಾನ್ ಮಾಡ್ತೀವಿ, ಕೈ ತಾಗೋ ಪ್ರಶ್ನೆಯೇ ಇಲ್ಲ. ಇದು ಪ್ರಗತಿಯೋ ಏನೋ, ನೀವೇ ಹೇಳಿ.

ಈಗ ಇನ್ನರ್ಧಕ್ಕೆ ಬರೋಣ.

ಬಸ್ಸಲ್ಲಿ ಜಾತಿ ಕೇಳಲ್ಲ ಅನ್ನೋರು ಬಸ್ಸಲ್ಲಿ ಮಾತಾಡಿಲ್ಲ ಅಂತ ಕಾಣುತ್ತೆ. ಕೇಳ್ತಾರೆ, ನೇರ ಕೇಳಲ್ಲ ಅಷ್ಟೇ. "ಯಾವೂರು ಸಾರ್ ನಿಮ್ದು?" ಅಂತ ಶುರು ಆಗುತ್ತೆ. ಊರು ಹೇಳ್ತೀರ. "ಓ, ನಮ್ಮ ಭಾವಮೈದ್ನ ಅಲ್ಲೇ, ಊರಲ್ಲಿ ಯಾವ ಕಡೆ ನಿಮ್ಮನೆ?" ಅದನ್ನ ದಾಟಿದರೆ "ಮನೆದೇವ್ರು ಯಾವ್ದು?" ಅದನ್ನೂ ದಾಟಿದರೆ "ನೀವು ನಾನ್‌ವೆಜ್ಜಾ?" ನಾಲ್ಕು ಸ್ಟಾಪಿನೊಳಗೆ ನಾಲ್ಕು ಪ್ರಶ್ನೆ. ನಮ್ಮ ತಾಲೂಕು ಕಚೇರಿಯ ಜಾತಿ ಪ್ರಮಾಣಪತ್ರಕ್ಕೂ ಇಷ್ಟು ಚೆನ್ನಾಗಿ ವಿಚಾರಣೆ ಮಾಡಲ್ಲ. ನಾನು ಮೊದಲನೇ ಪ್ರಶ್ನೆಗೇ "ನಾನು ಹೊಲೆಯರು, ಮುಂದೆ ಕೇಳಿ" ಅಂತ ಹೇಳೋ ಅಭ್ಯಾಸ ಮಾಡ್ಕೊಂಡಿದ್ದೀನಿ. ಆಮೇಲೆ ಆ ಮನುಷ್ಯ "ಅಯ್ಯೋ ನಾನು ಅದಕ್ಕಲ್ಲ ಕೇಳಿದ್ದು ಸಾರ್" ಅಂತಾನೆ, ಕಿಟಕಿ ಕಡೆ ತಿರುಗ್ತಾನೆ. ಅಲ್ಲಿಂದ ಮಾತಿಲ್ಲ. ಮಲಗೋಕೆ ಒಳ್ಳೇದು.

ಇನ್ನೊಂದು, ಸ್ಟಾಪಿನ ಹೆಸರು. ನೀವು ಎಲ್ಲಿ ಇಳೀತೀರ ಅನ್ನೋದೇ ನಿಮ್ಮ ಜಾತಿ. ಎ.ಕೆ. ಕಾಲೊನಿ, ಸ್ಲಂ ಬೋರ್ಡ್ ಕ್ವಾರ್ಟರ್ಸ್, ಅಂಬೇಡ್ಕರ್ ನಗರ. ಕಂಡಕ್ಟರ್ ಹೆಸರು ಕೂಗಿದ ತಕ್ಷಣ ಬಾಗಿಲ ಕಡೆ ಹೋಗೋರನ್ನ ನಾಲ್ಕು ಜನ ತಿರುಗಿ ನೋಡ್ತಾರೆ. ನಮ್ಮ ಕಾಲೊನಿಯ ಒಬ್ಬ ಹುಡುಗ ಇದ್ದಾನೆ, ಇಂಜಿನಿಯರಿಂಗ್ ಓದ್ತಾನೆ. ಬಸ್ಸಲ್ಲಿ ಕ್ಲಾಸ್‌ಮೇಟ್‌ಗಳಿದ್ದ ದಿನ ಅವನು ನಮ್ಮ ಸ್ಟಾಪಲ್ಲಿ ಇಳಿಯಲ್ಲ. ಮುಂದಿನ ಸ್ಟಾಪಲ್ಲಿ, ಆ ಅಪಾರ್ಟ್‌ಮೆಂಟ್ ಗೇಟ್ ಎದುರು ಇಳಿದು, ಬಸ್ಸು ತಿರುವಿನಲ್ಲಿ ಮರೆಯಾಗೋ ತನಕ ಫೋನ್ ನೋಡ್ತಾ ನಿಂತು, ಆಮೇಲೆ ಒಂದು ಕಿಲೋಮೀಟರ್ ಹಿಂದಕ್ಕೆ ನಡ್ಕೊಂಡು ಬರ್ತಾನೆ. ಮಳೆ ಬಂದರೂ ಸರಿ. ನಾನು ಅದೇ ಬಸ್ಸಲ್ಲಿ ಇರ್ತೀನಿ, ನನ್ನ ಮುಖ ನೋಡಲ್ಲ. ನಾನೂ ಮಾತಾಡಿಸಲ್ಲ. ಅವನಿಗೆ ಬುದ್ಧಿ ಹೇಳಿ, ಸ್ವಾಭಿಮಾನ ಕಲಿಸಿ ಅಂತ ನಮ್ಮ ಸಂಘಟನೆ ಗೆಳೆಯರೊಬ್ಬರು ಅಂದ್ರು. ನನಗೆ ಅದು ಸರಿ ಕಾಣಲಿಲ್ಲ. ಇಪ್ಪತ್ತು ವರ್ಷದ ಹುಡುಗ, ಸಂಜೆ ಬಸ್ಸಲ್ಲಿ ನಾಲ್ಕು ಸ್ನೇಹಿತರ ಜೊತೆ ನಗಾಡ್ಕೊಂಡು ಬರಬೇಕು ಅನ್ನೋದು ದೊಡ್ಡ ಅಪರಾಧವಾ? ಆ ಒಂದು ಕಿಲೋಮೀಟರ್ ನಡೆಸ್ತಿರೋದು ಯಾರು, ಅವರಿಗೆ ಬುದ್ಧಿ ಹೇಳಬೇಕಾಗಿರೋದು.

ಬಸ್ಸಿನ ಸ್ನೇಹಿತರು ಅಂದಾಗ ಒಬ್ಬರು ನೆನಪಾದ್ರು. ಹತ್ತಿರ ಹತ್ತಿರ ಎರಡು ವರ್ಷ ಬೆಳಗ್ಗೆ ಒಂದೇ ಬಸ್ಸು, ಒಂದೇ ಸೀಟು. ಯಾರು ಮೊದಲು ಹತ್ತಿದರೂ ಇನ್ನೊಬ್ಬರಿಗೆ ಕರ್ಚೀಫ್ ಹಾಕಿ ಜಾಗ ಹಿಡಿಯೋದು. ಮಕ್ಕಳ ಫೀಸು, ಬಿ.ಪಿ. ಮಾತ್ರೆ, ಸೊಸೈಟಿ ಸಾಲ, ಎಲ್ಲಾ ಮಾತಾಡ್ತಿದ್ವಿ. ಒಂದು ಏಪ್ರಿಲ್ 14ಕ್ಕೆ ನಾನು ನೀಲಿ ಶಾಲು ಹಾಕ್ಕೊಂಡು ಟೌನ್‌ಹಾಲ್ ಕಡೆ ಹೊರಟಿದ್ದೆ, ಅವರೂ ಸಿಕ್ಕರು. ಮೇಲಿಂದ ಕೆಳಗೆ ನೋಡಿ, ನಿಜವಾಗ್ಲೂ ಪ್ರೀತಿಯಿಂದಲೇ, "ಓ, ನೀವು ಅವ್ರಾ! ಗೊತ್ತೇ ಆಗಲ್ಲ ನೋಡಿ ಸಾರ್ ನಿಮ್ಮನ್ನ ನೋಡಿದರೆ" ಅಂದ್ರು. ಅವರು ಹೊಗಳಿದ್ದು. "ಗೊತ್ತಾಗೋಕೆ ಏನಿರಬೇಕಿತ್ತು ಸಾರ್?" ಅಂತ ಕೇಳಿದೆ. ಉತ್ತರ ಬರಲಿಲ್ಲ. ಮಾರನೇ ದಿನದಿಂದ ಕರ್ಚೀಫ್ ಇರಲಿಲ್ಲ. ಜಗಳ ಇಲ್ಲ, ಬೈಗುಳ ಇಲ್ಲ, ಇದಕ್ಕೆ ಯಾವ ಕಲಮಿನ ಕೆಳಗೆ ಕೇಸು ಹಾಕ್ತೀರ?

ಆದರೆ ನನ್ನ ಕಥೆ ದೊಡ್ಡದಲ್ಲ. ನಾನು ಇಸ್ತ್ರಿ ಶರ್ಟು ಹಾಕ್ಕೊಂಡು, ಕೈಯಲ್ಲಿ ಬ್ಯಾಗು ಹಿಡ್ಕೊಂಡು ಹೋಗೋ ಗುಮಾಸ್ತ. ಮಧ್ಯಾಹ್ನ ಎರಡು ಗಂಟೆ ಮೇಲೆ ಬಸ್ಸು ಹತ್ತಿ ನೋಡಿ. ಪೌರಕಾರ್ಮಿಕ ಹೆಣ್ಣುಮಕ್ಕಳು ಕೆಲಸ ಮುಗಿಸಿ ಮನೆಗೆ ಹೋಗೋ ಹೊತ್ತು. ಬಸ್ಸಲ್ಲಿ ಹತ್ತು ಜನ ನಿಂತಿರ್ತಾರೆ, ಆ ತಾಯಿ ಪಕ್ಕದ ಸೀಟು ಖಾಲಿ. ಹತ್ತಿದವರು ಒಂದು ಸಲ ನೋಡ್ತಾರೆ, ಮೂಗಿಗೆ ಸೆರಗು, ದುಪಟ್ಟಾ, ಕರ್ಚೀಫ್. ಎಷ್ಟೋ ಜನ ಹೆಣ್ಣುಮಕ್ಕಳು ಸೀಟಿಗೆ ಹೋಗೋದೇ ಇಲ್ಲ. ಇಂಜಿನ್ ಪಕ್ಕ, ಇಲ್ಲಾಂದ್ರೆ ಬಾಗಿಲ ಹತ್ರ ಮೆಟ್ಟಿಲ ಮೇಲೆ ನಿಂತಿರ್ತಾರೆ. "ಬಾ ಅಕ್ಕ, ಕೂತ್ಕೋ" ಅಂದ್ರೆ "ಇರಲಿ ಬಿಡಣ್ಣ, ಇಲ್ಲೇ ಇಳ್ಕೊಬೇಕು" ಅಂತಾರೆ. ಇಳಿಯೋದು ಹನ್ನೆರಡು ಸ್ಟಾಪ್ ಆದಮೇಲೆ. ನಮ್ಮಪ್ಪನ ಕಾಲದ ಊರ ಬಸ್ಸು ಇದೇ ಅಲ್ವಾ? ಅದೇ ನಿಂತ್ಕೊಂಡು ಹೋಗೋದು, ಅದೇ ತಾನಾಗೇ ಏಳೋದು.

ಆ ವಾಸನೆ ಅವರದ್ದಾ? ಮೂಗು ಮುಚ್ಕೊಂಡವರ ಅಡಿಗೆಮನೆದು, ಬಚ್ಚಲಿಂದು, ಮಗುವಿನ ಡೈಪರ್‌ದು. ನಿನ್ನೆ ರಾತ್ರಿ ಕಟ್ಟಿ ಗೇಟ್ ಹೊರಗೆ ಎಸೆದಿದ್ದು ಮಧ್ಯಾಹ್ನ ಬಸ್ಸಲ್ಲಿ ಎದುರಿಗೆ ಸಿಕ್ಕಿದೆ ಅಷ್ಟೇ. ಕೆಲಸ ಮುಗಿದ ಮೇಲೆ ಕೈಕಾಲು ತೊಳೆಯೋಕೆ ನೀರು, ಸೀರೆ ಬದಲಾಯಿಸೋಕೆ ಒಂದು ಕೋಣೆ ಬೇಕು ಅಂತ ಪೌರಕಾರ್ಮಿಕರು ಎಷ್ಟು ವರ್ಷದಿಂದ ಕೇಳ್ತಿದ್ದಾರೆ ಅಂತ ಹೋರಾಟದಲ್ಲಿರೋ ನಿಮಗೆ ಗೊತ್ತು. 2024ರ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೋ ಸ್ಟೇಷನ್ನಿನಲ್ಲಿ ಬಟ್ಟೆ ಕೊಳೆ ಅಂತ ಹೇಳಿ ಒಬ್ಬ ರೈತರನ್ನ ಒಳಗೆ ಬಿಡದೆ ನಿಲ್ಲಿಸಿದ್ರು. ಅವರ ಕೈಯಲ್ಲಿ ಟಿಕೆಟ್ ಇತ್ತು. ಅಲ್ಲಿದ್ದ ಪ್ರಯಾಣಿಕರೇ ಗಲಾಟೆ ಮಾಡಿದ್ರು, ವಿಡಿಯೋ ಹರಡಿತು, ತಡೆದವರ ಮೇಲೆ ಕ್ರಮ ಆಯ್ತು. ಒಳ್ಳೇದು. ಬಸ್ಸಲ್ಲಿ ಹಂಗೆ ಯಾರೂ ತಡೆಯಲ್ಲ, ಹಂಗಾಗಿ ವಿಡಿಯೋನೂ ಆಗಲ್ಲ. ಖಾಲಿ ಸೀಟಿನ ವಿಡಿಯೋ ಯಾರು ನೋಡ್ತಾರೆ.

ಇಷ್ಟು ಹೇಳಿದ್ದು ಬಸ್ಸು ಹತ್ತಿದ ಮೇಲಿನ ಕಥೆ. ನಾನು ಮುಖ್ಯವಾಗಿ ಹೇಳಬೇಕಾಗಿರೋದು ಬಸ್ಸು ಹತ್ತೋದಕ್ಕೆ ಮುಂಚಿನದು.

ಊರಲ್ಲಿ ಕೇರಿ ಎಲ್ಲಿರುತ್ತೆ? ಊರಾಚೆ. ಸಿಟಿಯಲ್ಲಿ? ಮೊದಲು ಊರೊಳಗೇ ಇದ್ವಿ, ಶ್ರೀರಾಂಪುರದಲ್ಲಿ, ಶಿವಾಜಿನಗರದ ಸಂದಿಯಲ್ಲಿ, ಮಾರ್ಕೆಟ್ ಹಿಂದೆ. ಆಮೇಲೆ ಅಭಿವೃದ್ಧಿ ಬಂತು. 2013ರ ಜನವರಿಯಲ್ಲಿ ಈಜಿಪುರದ ಇ.ಡಬ್ಲ್ಯು.ಎಸ್. ಕ್ವಾರ್ಟರ್ಸ್ ಮೇಲೆ ಜೆಸಿಬಿ ಹತ್ತಿಸಿದಾಗ ಚಳಿಯಲ್ಲಿ ಮಕ್ಕಳು ಮರಿ ಕಟ್ಕೊಂಡು ರಸ್ತೆಯಲ್ಲಿ ಕೂತಿದ್ದವರಿಗೆ ಸರ್ಜಾಪುರ ರಸ್ತೆ ಕಡೆಯ ಸೂಲಿಕುಂಟೆ ತೋರಿಸಿದ್ರು. ಅಲ್ಲಿ ಹೋಗಿ ಅಂತ. ಅವರ ಕೆಲಸ ಇದ್ದಿದ್ದು ಕೋರಮಂಗಲದ ಮನೆಗಳಲ್ಲಿ. ಇಂಥಾ ಜಾಗಗಳಿಗೆ ನಮ್ಮನ್ನ ಸಾಗಿಸೋವಾಗ ಮನೆಗೆ ಹಕ್ಕುಪತ್ರ ಬರುತ್ತಾ ಇಲ್ವಾ ಅನ್ನೋದೇ ದೊಡ್ಡ ಜಗಳ ಆಗಿರುತ್ತೆ. ಅಲ್ಲಿಂದ ಕೆಲಸಕ್ಕೆ ಹೋಗೋ ಬಸ್ಸಿನ ಸುದ್ದಿ ಯಾರೂ ಎತ್ತಲ್ಲ.

ನಮ್ಮ ಕಾಲೊನಿಯದೂ ಅದೇ ಕಥೆ. ಊರಾಚೆ, ರಿಂಗ್ ರೋಡಿಂದ ಇನ್ನೂ ಒಳಗೆ. ನಮ್ಮ ಪಕ್ಕದ ಮನೆ ಅಕ್ಕ ಪೌರಕಾರ್ಮಿಕಳು. ಬೆಳಗ್ಗೆ ಆರೂವರೆಗೆ ಮಸ್ಟರಿಂಗ್. ನಮ್ಮ ಸ್ಟಾಪಿಗೆ ಮೊದಲ ಬಸ್ಸು ಬರೋದು ಆರೂ ಹತ್ತಕ್ಕೆ, ಬಂದರೆ. ಅದರಲ್ಲಿ ಹೋದರೆ ಮುಖ್ಯ ರಸ್ತೆ, ಅಲ್ಲಿಂದ ಇನ್ನೊಂದು ಬಸ್ಸು. ಏಳು ಗಂಟೆಗೆ ಮುಂಚೆ ಮುಟ್ಟೋಕೆ ಸಾಧ್ಯವೇ ಇಲ್ಲ. ತಡ ಆದರೆ ಹಾಜರಿ ಇಲ್ಲ, ಮೇಸ್ತ್ರಿ ವಾಪಸ್ ಕಳಿಸ್ತಾನೆ, ಆ ದಿನದ ಕೂಲಿ ಹೋಯ್ತು. ಅದಕ್ಕೆ ಐದು ಗಂಟೆಗೇ ನಾಲ್ಕು ಜನ ಹೆಂಗಸರು ಸೇರ್ಕೊಂಡು ಕತ್ತಲಲ್ಲಿ ಮುಖ್ಯ ರಸ್ತೆ ತನಕ ನಡೀತಾರೆ, ನಾಯಿಗಳಿಗೆ ಒಂದು ಕೋಲು ಹಿಡ್ಕೊಂಡು. ಅಲ್ಲಿಂದ ಷೇರ್ ಆಟೋ, ತಲೆಗೆ ನಲವತ್ತು ರೂಪಾಯಿ. ತಿಂಗಳಿಗೆ ಇಪ್ಪತ್ತಾರು ದಿನ ಅಂದ್ರೆ 1,040 ರೂಪಾಯಿ. ನಾನು ತಗೊಳ್ಳೋ ತಿಂಗಳ ಪಾಸು 1,200. ಅಂದ್ರೆ ಬಸ್ಸು ಫ್ರೀ ಇರೋ ಹೆಂಗಸು ಪಾಸು ತಗೊಳ್ಳೋ ಗಂಡಸಿನಷ್ಟೇ ಹತ್ರ ಹತ್ರ ಖರ್ಚು ಮಾಡ್ತಿದ್ದಾಳೆ. ಕೆಲಸಕ್ಕೆ ಹೋಗೋದಕ್ಕೇ ಇಷ್ಟು, ಬರೋದು ಲೆಕ್ಕಕ್ಕಿಲ್ಲ.

ಹಳೇ ಬಿ.ಟಿ.ಎಸ್. ಕಾಲದಲ್ಲಿ ಒಂದು ಜೋಕ್ ಇತ್ತು, ಬಿ.ಟಿ.ಎಸ್. ಅಂದ್ರೆ "ಬಿಟ್ರೆ ತಿರುಗಿ ಸಿಗಲ್ಲ" ಅಂತ. ನಮ್ಮ ಕಾಲೊನಿಯಲ್ಲಿ ಬಿಡೋಕಾದ್ರೂ ಮೊದಲು ಬರಬೇಕಲ್ಲ.

ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯ್ತು. ಆ ವಾರ ನಮ್ಮ ಕಾಲೊನಿಯಲ್ಲಿ ಹಬ್ಬ. ಸಿಟಿಗೆ ಬಂದು ಮೂವತ್ತು ವರ್ಷ ಆದರೂ ಲಾಲ್‌ಬಾಗ್ ನೋಡದ ಮುದುಕಿಯರು ಲಾಲ್‌ಬಾಗ್ ನೋಡ್ಕೊಂಡು ಬಂದರು. ನಮ್ಮತ್ತೆ ತವರಿಗೆ ಯಾರ ಹತ್ರಾನೂ ದುಡ್ಡು ಕೇಳದೆ ಹೋಗಿ ಬಂದಿದ್ದು ಅದೇ ಮೊದಲು. ನಾನು ಈ ಯೋಜನೆಯ ಪರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಸ್ಸಲ್ಲಿ ಗಂಡಸರ ಮಾತು ಕೇಳಿದ್ದೀರಲ್ಲ. "ಬಿಟ್ಟಿ ಬಸ್ಸು ಅಂತ ಬೆಳಗ್ಗೆದ್ದು ಊರು ಸುತ್ತೋಕೆ ಹೊರಡ್ತಾರೆ." "ದುಡ್ಡು ಕೊಟ್ಟ ನಾವು ನಿಂತಿದ್ದೀವಿ, ಬಿಟ್ಟಿಯವರು ಕೂತಿದ್ದಾರೆ." ಈ "ಬಿಟ್ಟಿ" ಅನ್ನೋ ಪದ ನಮಗೆ ಹೊಸದಲ್ಲ. ಮೀಸಲಾತಿಗೂ ಇದೇ ಪದ, ಸ್ಕಾಲರ್‌ಶಿಪ್ಪಿಗೂ ಇದೇ ಪದ, ಅಕ್ಕಿಗೂ ಇದೇ ಪದ. ಕನ್ನಡದಲ್ಲಿ ಈ ಪದ ಇನ್ನೊಂದು ಕಡೆಯೂ ಬರುತ್ತೆ, ಅದನ್ನ ಇವರು ಮರೆತಿದ್ದಾರೆ. ಬಿಟ್ಟಿ ಚಾಕರಿ. ನಮ್ಮಜ್ಜ ಗೌಡರ ಮನೆ ಕೊಟ್ಟಿಗೆ ಬಾಚಿದ್ದು ಬಿಟ್ಟಿ, ಸತ್ತ ದನ ಎಳೆದಿದ್ದು ಬಿಟ್ಟಿ, ಸಾವಿನ ಸುದ್ದಿ ಹೊತ್ಕೊಂಡು ಹತ್ತು ಮೈಲಿ ನಡೆದಿದ್ದು ಬಿಟ್ಟಿ. ಆ ಲೆಕ್ಕ ಬಡ್ಡಿ ಸಮೇತ ಹಾಕೋಣ್ವಾ? ಎಷ್ಟು ಜೀರೋ ಟಿಕೆಟ್ ಆಗುತ್ತೆ ನೋಡೋಣ.

ಇನ್ನೊಂದು ಲೆಕ್ಕ ಇದೆ, ಇದು ಗುಮಾಸ್ತನ ಲೆಕ್ಕ, ಗಮನವಿಟ್ಟು ಓದಿ. 2013ರಲ್ಲಿ ಹೋರಾಟದಿಂದ ನಾವು ಒಂದು ಕಾಯ್ದೆ ಪಡೆದ್ವಿ, ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ. ನಮ್ಮ ಜನಸಂಖ್ಯೆಗೆ ತಕ್ಕಂತೆ, ಅಂದ್ರೆ ನೂರಕ್ಕೆ 24.1ರಷ್ಟು ಅಭಿವೃದ್ಧಿ ಹಣ ನಮಗಾಗಿ ಇಡಬೇಕು ಅಂತ. ಹಣವನ್ನ ಬೇರೆ ಕಡೆ ತಿರುಗಿಸೋಕೆ ದಾರಿ ಮಾಡ್ತಿದ್ದ 7(ಡಿ) ಕಲಮನ್ನ 2023ರಲ್ಲಿ ತೆಗೆದ್ರು, ಚಪ್ಪಾಳೆ ತಟ್ಟಿದ್ವಿ. ಮಾರನೇ ವರ್ಷ, 2024-25ರಲ್ಲಿ, ಆ 39,121 ಕೋಟಿಯಲ್ಲಿ 14,282 ಕೋಟಿ ಗ್ಯಾರಂಟಿ ಯೋಜನೆಗಳಿಗೆ ಅಂತ ಹೋಯ್ತು. ಅದರಲ್ಲಿ ಶಕ್ತಿಯೂ ಇದೆ. ಆ ಯೋಜನೆಗಳ ಫಲಾನುಭವಿಗಳಲ್ಲಿ ಎಸ್‌ಸಿ, ಎಸ್‌ಟಿ ಜನರೂ ಇದ್ದಾರೆ, ಅವರ ಪಾಲಿನದ್ದನ್ನಷ್ಟೇ ತಗೊಂಡಿದ್ದೀವಿ ಅನ್ನೋದು ಸರ್ಕಾರದ ಉತ್ತರ. ಸರಿ ಸ್ವಾಮಿ, ಜೀರೋ ಟಿಕೆಟ್ ಮೇಲೆ ಜಾತಿ ಕಾಲಂ ಎಲ್ಲಿದೆ? ಕಂಡಕ್ಟರ್ ಆಧಾರ್ ಕಾರ್ಡ್ ನೋಡ್ತಾನೆ, ಅದರಲ್ಲಿ ಜಾತಿ ಇಲ್ಲ. ಬಸ್ಸಲ್ಲಿ ಯಾರೂ ಜಾತಿ ಕೇಳಲ್ಲ ಅಂತೀರಲ್ಲ, ಖಜಾನೆ ಮಾತ್ರ ಕೇಳುತ್ತೆ. ಬಸ್ಸಲ್ಲಿ ಕೂತ ಎಲ್ಲಾ ಜಾತಿ ಹೆಣ್ಣುಮಕ್ಕಳ ಟಿಕೆಟ್ಟನ್ನ ಸರ್ಕಾರ ತನ್ನ ಕೈಯಿಂದ ಕೊಡುತ್ತೆ, ನಮ್ಮ ಹೆಣ್ಣುಮಕ್ಕಳ ಟಿಕೆಟ್ಟನ್ನ ಮಾತ್ರ ನಮ್ಮದೇ ಹುಂಡಿಯಿಂದ ತೆಗೆಯುತ್ತೆ. ಅಂದ್ರೆ ಎಲ್ಲರಿಗೂ ಫ್ರೀ, ನಮಗೆ ಮಾತ್ರ ಮುಂಗಡ ಪಾವತಿ. ಹಂಗಂದ ಮೇಲೆ ಬೆಳಗ್ಗೆ ಐದು ಗಂಟೆಗೆ ಕೋಲು ಹಿಡ್ಕೊಂಡು ನಡೆಯೋ ನಮ್ಮ ಪಕ್ಕದ ಮನೆ ಅಕ್ಕನ ಪಾಲಿನ ಬಸ್ಸೆಲ್ಲಿ? ದುಡ್ಡು ಕಟ್ಟಿಯಾಗಿದೆ. ಟಿಕೆಟ್ ಇದೆ. ಬಸ್ಸಿಲ್ಲ.

ಗಂಡಸರದ್ದು ಬಿಡಿ, ಪೇಂಟ್ ಹೊಡೆಯೋರು, ಮೂಟೆ ಹೊರೋರು, ಸೆಕ್ಯೂರಿಟಿ ಕೆಲಸದವರು. 2025ರ ಜನವರಿಯಲ್ಲಿ ಬಸ್ ದರ ನೂರಕ್ಕೆ ಹದಿನೈದು ಏರಿತು. ಫೆಬ್ರವರಿಯಲ್ಲಿ ಮೆಟ್ರೋ ಗರಿಷ್ಠ ದರ 60ರಿಂದ 90 ಆಯ್ತು. ಮೆಟ್ರೋ ಏರಿದ್ದು ಪೇಪರಿನ ಮುಖಪುಟದಲ್ಲಿ ದಿನಗಟ್ಟಲೆ ಚರ್ಚೆ ಆಯ್ತು, ಆಗಬೇಕಾದ್ದೇ. ಕಾಲೊನಿಗೆ ಬಸ್ಸೇ ಇಲ್ಲದ್ದು ಯಾವ ಪುಟದಲ್ಲೂ ಬರಲ್ಲ.

ನಾವು ಕಾಲೊನಿಯವರು ಅರ್ಜಿ ಕೊಟ್ವಿ. ಅರ್ಜಿ ಬರೆಯೋದು ನನ್ನ ಕಸುಬು, ಇನ್‌ವರ್ಡ್ ನಂಬರ್ ಹಾಕಿಸದೆ ಕದಲೋನಲ್ಲ. ಮೊದಲ ಬಸ್ಸು ನಾಲ್ಕೂ ಮುಕ್ಕಾಲಿಗೆ ಬಿಡಿ, ಇಷ್ಟು ಜನ ಇಂಥಾ ಕಡೆ ಕೆಲಸಕ್ಕೆ ಹೋಗ್ತಾರೆ ಅಂತ ಪಟ್ಟಿ, ಸಹಿ, ಹೆಬ್ಬೆಟ್ಟು ಎಲ್ಲಾ ಸೇರಿಸಿ ಕೊಟ್ವಿ. ಉತ್ತರ ಬರಲಿಲ್ಲ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನಲ್ಲಿ ಕೇಳಿದ್ವಿ. ಆಗ ಬಂತು. ಸಾರಾಂಶ ಇಷ್ಟು, ಆ ಹೊತ್ತಿನಲ್ಲಿ ಸದರಿ ಮಾರ್ಗದಲ್ಲಿ ಪ್ರಯಾಣಿಕರ ಸಂಖ್ಯೆ ಕಡಿಮೆ ಇದ್ದು ಆದಾಯ ಬರುವುದಿಲ್ಲ. ಬಸ್ಸೇ ಇಲ್ಲದ ಹೊತ್ತಿನಲ್ಲಿ ಬಸ್ಸಿನ ಪ್ರಯಾಣಿಕರು ಹೇಗೆ ಸ್ವಾಮಿ ಇರ್ತಾರೆ? ಊರಿನ ಕೆರೆ ನೀರು ಮುಟ್ಟೋಕೆ ಬಿಡದೆ, ಇವರು ಕೆರೆ ನೀರು ಬಳಸೋದೇ ಇಲ್ಲ ಅಂತ ಬರೆದ ಹಾಗಾಯ್ತು.

ಸಾರಿಗೆಯವರ ಭಾಷೆಯಲ್ಲಿ ಇದಕ್ಕೆ ಇ.ಪಿ.ಕೆ.ಎಂ. ಅಂತಾರೆ, ಒಂದು ಕಿಲೋಮೀಟರಿಗೆ ಎಷ್ಟು ಆದಾಯ ಅನ್ನೋ ಲೆಕ್ಕ. ಆ ಲೆಕ್ಕದಲ್ಲಿ ಏರ್‌ಪೋರ್ಟ್ ಕಡೆ ಓಡೋ ಎ.ಸಿ. ಬಸ್ಸು ಗೆಲ್ಲುತ್ತೆ, ನಾಲ್ಕೂ ಮುಕ್ಕಾಲರ ಬಸ್ಸು ಸೋಲುತ್ತೆ. ಆದರೆ ಆರೂವರೆಗೆ ಆ ಹೆಣ್ಣುಮಕ್ಕಳು ಪೊರಕೆ ಹಿಡಿಯದಿದ್ದರೆ ಎಂಟು ಗಂಟೆಗೆ ಈ ನಗರ ಹೇಗಿರುತ್ತೆ ಅನ್ನೋದು ಯಾವ ಕಾಲಮ್ಮಿಗೆ ಬರುತ್ತೆ? 2022ರ ಜುಲೈ ಮುಷ್ಕರದಲ್ಲಿ ನಾಲ್ಕು ದಿನ ಪೊರಕೆ ಕೆಳಗಿಟ್ಟಾಗ ಎಲ್ಲರಿಗೂ ಅರ್ಥ ಆಗಿತ್ತು. ಆಮೇಲೆ ಮರೆತರು.

ಒಂದು ಮಾತು ಸ್ಪಷ್ಟ ಮಾಡ್ತೀನಿ. ಇದು ಡ್ರೈವರ್, ಕಂಡಕ್ಟರ್ ವಿರುದ್ಧ ಅಲ್ಲ. ಅವರಲ್ಲಿ ನಮ್ಮವರೇ ಬಹಳ ಜನ. ಬೆಳಗಿನ ಜಾವದ ಡ್ಯೂಟಿಗೆ ಹೋಗೋ ಕಂಡಕ್ಟರಿಗೂ ಡಿಪೋಗೆ ಹೋಗೋಕೆ ಬಸ್ಸಿರಲ್ಲ, ಅವನೂ ಯಾರದ್ದೋ ಗಾಡಿ ಹಿಂದೆ ಕೂತು ಬರ್ತಾನೆ.

ನಮ್ಮ ಸಂಘಟನೆಗಳ ಬಗ್ಗೆಯೂ ಹೇಳಬೇಕು, ಸಿಟ್ಟಾಗಬೇಡಿ. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದವರು ಕೆಂಪು ಬಸ್ಸಿನಲ್ಲೇ ರಾಜ್ಯ ಸುತ್ತಿದವರು. ಕರಪತ್ರದ ಕಟ್ಟು ಸೀಟಿನ ಕೆಳಗೆ, ತಮಟೆ ಮೇಲುಗಡೆ, ರಾತ್ರಿ ಬಸ್‌ಸ್ಟ್ಯಾಂಡ್ ಬೆಂಚಿನ ಮೇಲೆ ನಿದ್ದೆ. ಹಿರಿಯರ ಬಾಯಲ್ಲಿ ಈ ಕಥೆಗಳನ್ನ ನೀವೂ ಕೇಳಿದ್ದೀರಿ. ಈಗ ನಮ್ಮ ಮುಖಂಡರು ಫ್ರೀಡಂ ಪಾರ್ಕಿಗೆ ಬರೋದು ಇನ್ನೋವಾದಲ್ಲಿ. ಬರಲಿ, ನಮ್ಮವರು ಕಾರಲ್ಲಿ ಕೂರೋದು ನನಗೂ ಖುಷಿಯೇ. ಆದರೆ ಕಾರಲ್ಲಿ ಕೂತ ಮೇಲೆ ಮನವಿಪತ್ರದಿಂದ ಬಸ್ಸು ಇಳ್ಕೊಂಡುಬಿಟ್ಟಿದೆ. ಪ್ರತಿಮೆ ಇರುತ್ತೆ, ಭವನ ಇರುತ್ತೆ, ಸರ್ಕಲ್ಲಿಗೆ ಹೆಸರು ಇರುತ್ತೆ, ಬಡ್ತಿ ಮೀಸಲಾತಿ ಇರುತ್ತೆ. ಎಲ್ಲಾ ಬೇಕು. ಒಂದನ್ನೂ ಬಿಡಬೇಕಾಗಿಲ್ಲ. ಅದರ ಕೆಳಗೆ ಒಂಬತ್ತನೇ ಬೇಡಿಕೆಯಾಗಿಯಾದರೂ ಮೊದಲ ಬಸ್ಸು ಎಷ್ಟು ಗಂಟೆಗೆ ಅಂತ ಬರೀರಿ ಅನ್ನೋದು ನನ್ನ ಮಾತು. ಒಂದು ಸಭೆಯಲ್ಲಿ ಇದನ್ನ ಹೇಳಿದಾಗ ಹಿರಿಯರೊಬ್ಬರು "ಬಸ್ಸು ಬಿಡೋದು ಕಾರ್ಪೊರೇಟರ್ ಕೆಲಸ ಕಣಯ್ಯ, ನಮ್ಮದು ವಿಮೋಚನೆ" ಅಂದ್ರು. ಅಣ್ಣ, ಚಾಳೀಸ್‌ಗಾಂವ್‌ನಲ್ಲಿ ಬಾಬಾಸಾಹೇಬರ ಕಾಲು ಮುರಿದಿದ್ದು ಏನು ಸಿಗದೇ ಇದ್ದಿದ್ದಕ್ಕೆ ಅಂದೆ. ನಕ್ಕರು. ಮುಂದಿನ ಮನವಿಗೆ ಸೇರಿಸೋಣ ಅಂದಿದ್ದಾರೆ, ನೋಡೋಣ.

ಈಗ ಕೆಲಸದ ಮಾತು. ನಮ್ಮ ಒಂದು ಕಾಲೊನಿಯ ಅರ್ಜಿಗೆ "ಪ್ರಯಾಣಿಕರ ಸಂಖ್ಯೆ ಕಡಿಮೆ" ಅಂತ ಬರೆದು ಕಳಿಸಬಹುದು. ಐವತ್ತು ಕಾಲೊನಿದು ಒಟ್ಟಿಗೆ ಇಟ್ಟರೆ ಹಂಗೆ ಬರೆಯೋಕೆ ಕಷ್ಟ ಆಗುತ್ತೆ. ನೀವು ಸ್ಲಂ ಬೋರ್ಡ್ ಕ್ವಾರ್ಟರ್ಸಿನಲ್ಲಿದ್ದರೆ, ಎ.ಕೆ. ಕಾಲೊನಿಯಲ್ಲಿದ್ದರೆ, ಅಥವಾ ಅಲ್ಲಿ ನಿಮ್ಮ ನೆಂಟರಿದ್ದರೆ, ನಾಳೆ ಬೆಳಗ್ಗೆ ಒಂದು ಸಲ ಐದು ಗಂಟೆಗೆ ಎದ್ದು ಸ್ಟಾಪಿಗೆ ಹೋಗಿ ನಿಂತ್ಕೊಳ್ಳಿ. ಎಷ್ಟು ಜನ ನಡೆದು ಹೋದರು, ಎಷ್ಟು ಷೇರ್ ಆಟೋ ತುಂಬಿ ಹೋಯ್ತು, ತಲೆಗೆ ಎಷ್ಟು ತಗೊಂಡ್ರು, ಮೊದಲ ಬಸ್ಸು ನಿಜವಾಗಿ ಎಷ್ಟಕ್ಕೆ ಬಂತು, ಇಷ್ಟನ್ನ ಚೀಟಿಯಲ್ಲಿ ಬರೆದು ಫೋಟೋ ಹೊಡೆದು ನನಗೆ ಕಳಿಸಿ. ಬೋರ್ಡಿನಲ್ಲಿ ಬರೆದಿರೋ ಟೈಮ್ ಬೇಡ, ಬಸ್ಸು ಬಂದ ಟೈಮ್ ಬೇಕು. ಭಾನುವಾರ ಬೇಡ, ವಾರದ ದಿನ ಆಗಿರಲಿ. ಸೋಮವಾರ ಆದರೆ ಇನ್ನೂ ಒಳ್ಳೇದು, ಅವತ್ತು ಕಸ ಜಾಸ್ತಿ, ಎಲ್ಲರೂ ಕೆಲಸಕ್ಕೆ ಹೋಗ್ತಾರೆ.

ಟೈಪ್ ಮಾಡೋದು, ಪಟ್ಟಿ ಮಾಡೋದು, ಇನ್‌ವರ್ಡ್ ಹಾಕಿಸೋದು ನನ್ನ ಜವಾಬ್ದಾರಿ. ತಿಂಗಳ ಕೊನೆ ತನಕ ಕಳಿಸಿ.

ಜೈ ಭೀಮ್.